ಮೊಳೆಗೆ ತೂಗಿದ ಅರ್ಧ ಇಕ್ಕಳ

ನಮ್ಮವರ ಎಡಗೈಯ ನಡುಬೆರಳು ಡೊಂಕಾಗಿತ್ತು. ಬೀದಿಯವರೆಲ್ಲ ಅವರನ್ನು ಡೊಂಕುಬೆರಳು ಎಂದೇ ಕರೆಯುತ್ತಿದ್ದರು. ಅವರಿಗೆ ಬೇಸರವಿರಲಿಲ್ಲ. "ಹೆಸರು ಹೇಳಿದ್ರೆ ನಾಲ್ಕು ಜನ ತಲೆ ಕೆರ್ಕೋತಾರೆ, ಬೆರಳು ಅಂದ್ರೆ ನಾಯಿನೂ ಮನೆ ತೋರಿಸುತ್ತೆ" ಎನ್ನುತ್ತಿದ್ದರು.

ಕಮ್ಮಾರರು. ತಗಡಿನ ಶೆಡ್ಡು, ಒಂದು ಪಕ್ಕ ಟೈರಿನ ಅಂಗಡಿ, ಇನ್ನೊಂದು ಪಕ್ಕ ಗೋಡೆ. ಇಪ್ಪತ್ತೆರಡು ವರ್ಷ ಅವರು ಇಕ್ಕಳ ಹಿಡಿದರು, ನಾನು ದೊಡ್ಡ ಸುತ್ತಿಗೆ ಹೊಡೆದೆ. ಕಾದ ಕಬ್ಬಿಣವನ್ನು ಅವರು ಅಡಿಗಲ್ಲಿನ ಮೇಲೆ ಇಡುತ್ತಿದ್ದರು. ಹೆಸರಿಗೆ ಕಲ್ಲು, ಅದೂ ಕಬ್ಬಿಣವೇ. ಬಲಗೈಯ ಸಣ್ಣ ಸುತ್ತಿಗೆಯಿಂದ ಒಂದು ಕಡೆ ತಟ್ಟುತ್ತಿದ್ದರು. ತಟ್ಟಿದ ಜಾಗಕ್ಕೆ ನಾನು ಹೊಡೆಯಬೇಕು. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಜೋರಾಗಿ ತಟ್ಟಿದರೆ ಜೋರಾಗಿ. ಸುತ್ತಿಗೆಯನ್ನು ಅಡ್ಡ ಮಲಗಿಸಿ ಅಡಿಗಲ್ಲನ್ನು ಟಣ್ ಎನಿಸಿದರೆ ನಿಲ್ಲಿಸಬೇಕು. ಮಾತು ಬಿಟ್ಟ ದಿನಗಳಲ್ಲೂ ಈ ಕೆಲಸ ನಡೆಯುತ್ತಿತ್ತು. ಮಾತು ಬಿಟ್ಟ ದಿನವೇ ಚೆನ್ನಾಗಿ ನಡೆಯುತ್ತಿತ್ತು.

ಒಂದು ಮಂಗಳವಾರ ಮಧ್ಯಾಹ್ನ ನೀರಿನ ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಮತ್ತೆ ಏಳಲಿಲ್ಲ. ಕುಲುಮೆಯಲ್ಲಿ ಒಂದು ಉಳಿ ಕಾಯುತ್ತಿತ್ತು. ಅದನ್ನು ತೆಗೆಯಬೇಕೆಂದು ಯಾರಿಗೂ ನೆನಪಾಗಲಿಲ್ಲ. ತುದಿ ಸುಟ್ಟು ಕರಗಿತು. ಆ ಉಳಿ ಕಲ್ಲು ಒಡೆಯುವ ಮುದುಕಪ್ಪನದು. ಅವನು ಆಮೇಲೂ ಕೇಳಲಿಲ್ಲ.

ನಾನು ಅಳಲಿಲ್ಲ. ಅಳಬೇಕು ಎಂದು ಬಂದವರು ಹೇಳಿದರು. ಅವರು ಹೋದ ಮೇಲೆ ಪಾತ್ರೆ ತೊಳೆದೆ.

ಮೂರು ವಾರ ಕಳೆದ ಮೇಲೆ ಭಾವ ಬಂದರು. ನಮ್ಮವರ ಅಣ್ಣ. ಅವರೂ ಕಮ್ಮಾರರೇ, ಎರಡು ಬೀದಿ ಆಚೆ ಅವರ ಕುಲುಮೆ. ಸ್ಟೂಲಿನ ಮೇಲೆ ಕೂರಲು ಹೋಗಿ, ಕೂರದೆ, ನಿಂತೇ ಮಾತಾಡಿದರು.

"ನೋಡಮ್ಮ, ನನ್ನ ಅಡಿಗಲ್ಲು ಬೆನ್ನು ಕುಸಿದು ಹೋಗಿದೆ. ಕುದುರೆ ಬೆನ್ನಿನ ಹಾಗಾಗಿದೆ. ಇದು ನಮ್ಮಪ್ಪನದು. ಇಲ್ಲಿ ಸುಮ್ನೆ ತುಕ್ಕು ಹಿಡೀತಾ ಕೂತಿದೆ."

"ನಾನಿದ್ದೀನಲ್ಲ" ಎಂದೆ.

"ನೀನಿದ್ದೀಯ. ಹೊಡೆಯೋಳು ನೀನು. ಹಿಡಿಯೋರು ಯಾರು?"

"ನಾನೇ ಹಿಡೀತೀನಿ."

ಭಾವ ಗೋಡೆಯ ಕಡೆ ನೋಡಿದರು. ಹದಿನಾಲ್ಕು ಇಕ್ಕಳಗಳು ಮೊಳೆಗಳಿಗೆ ತೂಗಿದ್ದವು. ಒಂದು ಇಳಿಸಿ ನನ್ನ ಕೈಗೆ ಕೊಟ್ಟರು. "ಹಿಡಿ, ನೋಡೋಣ." ಹಿಡಿದೆ. ಹಿಡಿಕೆಗಳು ನಮ್ಮವರ ಬೆರಳಿನ ಡೊಂಕಿಗೆ ತಕ್ಕ ಹಾಗೆ ಹೊರಗೆ ಬಾಗಿದ್ದವು. ನನ್ನ ಬೆರಳು ಸುತ್ತ ಬರಲಿಲ್ಲ. ಭಾವ ಒಂದು ಉಳಿಯನ್ನು ಇಕ್ಕಳದ ಬಾಯಿಗೆ ಸಿಕ್ಕಿಸಿ ಸುತ್ತಿಗೆಯಿಂದ ಒಂದು ಸಲ ತಟ್ಟಿದರು. ಉಳಿ ಜಾರಿ ನೆಲಕ್ಕೆ ಬಿತ್ತು.

"ಕಾದಿದ್ದು ಹೀಗೆ ಜಾರಿದ್ರೆ ಕಾಲ ಮೇಲೆ ಬೀಳುತ್ತೆ. ಇನ್ನೊಬ್ಬರ ಇಕ್ಕಳ ಮುಟ್ಟಬಾರದು ಅಂತ ನಮ್ಮಪ್ಪ ಹೇಳ್ತಿದ್ದಿದ್ದು ಸುಮ್ನೆ ಅಲ್ಲ. ಕೆಲಸ ಕಲೀಬೇಕಂದ್ರೆ ಮೊದಲು ನಿನ್ನ ಇಕ್ಕಳ ನೀನೇ ಮಾಡ್ಕೋ ಅಂತಿದ್ರು. ನಮ್ಮಿಬ್ಬರಿಗೂ ಅದೇ."

"ಮಾಡ್ಕೋತೀನಿ."

ಭಾವ ನನ್ನ ಮುಖ ನೋಡಿದರು. ಹಟ ಹಿಡಿದಿದ್ದೇನೆಯೇ ಎಂದು ನೋಡಿರಬೇಕು. ಹಟವೂ ಇರಲಿಲ್ಲ. ಬೆಳಿಗ್ಗೆ ಎದ್ದರೆ ಹೋಗಲು ನನಗೆ ಇನ್ನೊಂದು ಜಾಗ ಇರಲಿಲ್ಲ, ಅಷ್ಟೇ.

"ಸರಿ. ಬರೋ ತಿಂಗಳ ಮೊದಲ ಸೋಮವಾರ ಕೈಗಾಡಿ ತಗೊಂಡು ಬರ್ತೀನಿ. ನೀನು ಮಾಡಿದ ಇಕ್ಕಳದಲ್ಲಿ ಕಾದ ಉಳಿ ಹಿಡಿದು ಈ ಅಡಿಗಲ್ಲಿನ ಮೇಲೆ ಹಣಿದು ತೋರಿಸು. ಜಾರದಿದ್ರೆ ಇದು ಇಲ್ಲೇ ಇರಲಿ. ಜಾರಿದ್ರೆ ಗಾಡಿಗೆ ಹಾಕ್ತೀನಿ. ಆಮೇಲೆ ಮುಖ ಊದಿಸ್ಕೋಬಾರದು."

"ಊದಿಸ್ಕೊಳ್ಳಲ್ಲ" ಎಂದೆ.

ಮರುದಿನ ಕುಲುಮೆ ಹೊತ್ತಿಸಿದೆ. ಮೊದಲು ತೂತು ಹೊಡೆಯುವ ಮೊಳೆ ಮಾಡಿದೆ, ಲಾರಿಯ ಹಳೆ ಸ್ಪ್ರಿಂಗಿನ ತುಂಡಿನಿಂದ. ಆಮೇಲೆ ಕಬ್ಬಿಣ ಕತ್ತರಿಸುವ ಒಂದು ಉಳಿ. ಎರಡೂ ನೋಡಲು ಕೆಟ್ಟದಾಗಿದ್ದವು, ಕೆಲಸ ಮಾಡಿದವು. ಟೈರಿನ ಅಂಗಡಿಯವನು ಹಣಕಿ ಹಾಕಿ, "ಅಕ್ಕಾ, ಇದೇನು ಹಲ್ಲು ಕಡ್ಡಿನಾ?" ಎಂದ. "ನಿನ್ನ ಹಲ್ಲಿಗೇ" ಎಂದೆ. ಅವನು ನಕ್ಕ. ನಾನು ಮಾತಾಡಿದೆನಲ್ಲ ಎಂದು ಅವನಿಗೆ ಸಮಾಧಾನವಾಗಿರಬೇಕು, ಆಮೇಲೆ ಎರಡು ದಿನ ಟೀ ಕಳಿಸಿದ.

ಇಕ್ಕಳ ಮಾಡಲು ಇಕ್ಕಳ ಬೇಕಲ್ಲ ಎಂದು ಮದುವೆಯಾದ ಹೊಸದರಲ್ಲಿ ನಮ್ಮವರನ್ನು ಕೇಳಿದ್ದೆ. "ಹಾಗಿದ್ರೆ ಮೊದಲನೇ ಇಕ್ಕಳ ಯಾರು ಮಾಡಿದ್ರು ರೀ?" ಅವರು ಬಿದ್ದು ಬಿದ್ದು ನಕ್ಕಿದ್ದರು. "ಉದ್ದ ಕಂಬಿ ತಗೊಂಡ್ರೆ ಒಂದು ತುದಿ ಕಾಯುತ್ತೆ, ಇನ್ನೊಂದು ತಣ್ಣಗಿರುತ್ತೆ. ಆ ತುದೀನ ಕೈಯಲ್ಲಿ ಹಿಡ್ಕೋಬೇಕು ಕಣೇ." ಅದು ನೆನಪಿತ್ತು. ಮನೆ ಕಟ್ಟುವವರು ಬಿಸಾಡಿದ್ದ ಮೂರು ಉದ್ದ ಕಂಬಿ ತಂದೆ, ಒಂದು ಹೆಚ್ಚಿಗೆ ಇರಲಿ ಎಂದು.

ಇಕ್ಕಳ ಎಂದರೆ ಎರಡು ಅರ್ಧ. ಪ್ರತಿ ಅರ್ಧಕ್ಕೂ ಒಂದು ಬಾಯಿ, ನಡುವೆ ತೂತು ಬೀಳುವ ಚಪ್ಪಟೆ ಜಾಗ, ಹಿಂದೆ ಉದ್ದ ಹಿಡಿಕೆ. ಕಂಬಿಯ ತುದಿ ಕಿತ್ತಳೆ ಬಣ್ಣಕ್ಕೆ ಬಂದಾಗ ಅಡಿಗಲ್ಲಿನ ಅಂಚಿಗಿಟ್ಟು ಚಪ್ಪಟೆ ಮಾಡಿದರೆ ಬಾಯಿ. ಕಾಲು ಸುತ್ತು ತಿರುಗಿಸಿ ಮತ್ತೆ ಅಂಚಿಗಿಟ್ಟು ಹೊಡೆದರೆ ನಡು. ಅವರು ಇಕ್ಕಳ ಮಾಡುವಾಗಲೆಲ್ಲ ನಾನೇ ಹೊಡೆದಿದ್ದೆ. ಗೊತ್ತಿರುವ ಕೆಲಸ ಎಂದುಕೊಂಡೆ.

ಒಂದು ಅರ್ಧ ನಾಲ್ಕು ದಿನ ಹಿಡಿಯಿತು. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ನಾನೇ ಹೊಡೆಯಬೇಕು. ಸಣ್ಣ ಸುತ್ತಿಗೆಯಲ್ಲಿ ಒಮ್ಮೆ ತಟ್ಟಿ, ಅಭ್ಯಾಸಬಲದಿಂದ ದೊಡ್ಡ ಏಟಿಗೆ ಕಾಯುತ್ತಿದ್ದೆ. ಏಟು ಬೀಳುತ್ತಿರಲಿಲ್ಲ. ಕಬ್ಬಿಣ ಕೆಂಪಿನಿಂದ ಕಪ್ಪಾಗುತ್ತಿತ್ತು. ಮತ್ತೆ ಕುಲುಮೆಗೆ ಇಡುತ್ತಿದ್ದೆ. ಅಂಗೈ ಬೊಬ್ಬೆ ಎದ್ದು ಒಡೆಯಿತು. ನೋವು ಯಾರದೋ ಎಂಬ ಹಾಗಿತ್ತು.

ಎರಡನೆಯ ಅರ್ಧ ಮೂರು ದಿನ.

ಎರಡನ್ನೂ ಒಂದರ ಮೇಲೊಂದು ಇಟ್ಟೆ. ಕೂಡಲಿಲ್ಲ. ಬಾಯಿಗಳು ಎದುರುಬದುರು ಬಂದರೆ ಹಿಡಿಕೆಗಳೆರಡೂ ಒಂದೇ ಕಡೆಗೆ ಹೋದವು. ಹಿಡಿಕೆ ಸರಿ ಮಾಡಿದರೆ ಬಾಯಿಗಳು ಒಂದಕ್ಕೊಂದು ಬೆನ್ನು ಹಾಕಿದವು. ಕಾಸಿ ತಿರುಚಿದೆ. ಇನ್ನೂ ಕೆಟ್ಟಿತು. ಹಾಗೇ ವಾಪಸ್ಸು ತಿರುಚಿದೆ. ಸೋಮವಾರದವರೆಗೂ ಅದನ್ನು ಇಟ್ಟುಕೊಂಡು ಕಣ್ಣು ಪಿಳಿಪಿಳಿ ಬಿಟ್ಟೆ.

ಸೋಮವಾರ ಬೆಳಿಗ್ಗೆ ಭಾವ ಬಂದರು, ಗಾಡಿ ಇಲ್ಲದೆ. "ಗಾಡಿಯವನು ಸಂಜೆ ನಾಲ್ಕಕ್ಕೆ ಬರ್ತಾನೆ. ಎಲ್ಲಿ ನಿನ್ನ ಇಕ್ಕಳ?"

ಎರಡು ತುಂಡನ್ನೂ ಅಡಿಗಲ್ಲಿನ ಮೇಲೆ ಇಟ್ಟೆ. ಅವರು ಎರಡು ಕೈಯಲ್ಲಿ ಒಂದೊಂದು ಎತ್ತಿಕೊಂಡು ನೋಡಿದರು. ಮೀಸೆಯ ಹಿಂದೆ ಏನೋ ಅಲುಗಿತು.

"ಏನಮ್ಮ ಇದು, ಚಪ್ಪಲಿ ಮಾಡಿದ್ದೀಯಾ? ಎಡಗಾಲಿಗೊಂದು, ಬಲಗಾಲಿಗೊಂದು?"

"ಜೋಡಿ ಅಂದ್ರೆ ಹಾಗೇ ಅಲ್ವಾ ಭಾವ?"

"ಇಕ್ಕಳ ಹಾಗಲ್ಲ. ಎರಡೂ ಒಂದೇ. ಅಚ್ಚು ಹೊಡೆದ ಹಾಗೆ ಒಂದೇ. ಒಂದನ್ನ ಮಗುಚಿ ಇನ್ನೊಂದರ ಮೇಲೆ ಮಲಗಿಸಿದ್ರೆ ಆಯ್ತು ಇಕ್ಕಳ. ಮೊದಲನೇದನ್ನ ಯಾವ ಕಡೆ ತಿರುಗಿಸಿದ್ದೆ?"

"ಎಡಕ್ಕೆ."

"ಎರಡನೇದು?"

"ಬಲಕ್ಕೆ."

"ಅದೂ ಎಡಕ್ಕೇ ತಿರುಗಬೇಕಿತ್ತು. ಇಪ್ಪತ್ತೆರಡು ವರ್ಷ ಎದುರಿಗೆ ನಿಂತು ಏನು ನೋಡಿದೆ?"

ನಾನು ನೋಡಿದ್ದು ಅವರ ಸುತ್ತಿಗೆ ಬಿದ್ದ ಜಾಗ. ಎಡಗೈ ಯಾವ ಕಡೆಗೆ ತಿರುಗುತ್ತಿತ್ತು ಎಂದು ನೋಡಿರಲಿಲ್ಲ.

ಭಾವ ಗೋಡೆಯ ಹತ್ತಿರ ಹೋದರು. ಹದಿನಾಲ್ಕು ಇಕ್ಕಳಗಳಾದ ಮೇಲೆ, ಮೂಲೆಯಲ್ಲಿ, ಹದಿನೈದನೆಯ ಮೊಳೆಗೆ ಅರ್ಧ ಇಕ್ಕಳ ತೂಗಿತ್ತು. ನಾನು ಬಂದಾಗಿನಿಂದ ಅದು ಅಲ್ಲೇ ಇತ್ತು. ಒಮ್ಮೆ ಕೇಳಿದ್ದೆ. "ಅದರ ಜೋಡಿ ಗುಜರಿಗೆ ಹೋಯ್ತು, ಇರಲಿ ಬಿಡು" ಎಂದಿದ್ದರು ನಮ್ಮವರು. ಪ್ರತಿ ಶನಿವಾರ ಅದರ ಮಸಿ ಒರೆಸಿದ್ದೇನೆ.

ಭಾವ ಅದನ್ನು ಇಳಿಸಿ ಊದಿದರು. "ಇದು ನನ್ನ ತಮ್ಮನ ಚಪ್ಪಲಿ. ನೀನು ಮಾಡಿದ್ದೇ ಅವನೂ ಮಾಡಿದ್ದ. ಎಡಕ್ಕೊಂದು, ಬಲಕ್ಕೊಂದು. ಅಪ್ಪ ಬೈಯಲಿಲ್ಲ. ಸರಿಯಾದ ಜೋಡಿ ಮಾಡಿಸಿ, ತಪ್ಪಿದ್ದನ್ನ ಇಲ್ಲಿ ತೂಗುಹಾಕಿದ್ರು, ದಿನಾ ಕಣ್ಣಿಗೆ ಬೀಳಲಿ ಅಂತ. ನಿನಗೆ ಹೇಳಿರಲಿಲ್ವಾ?"

"ಜೋಡಿ ಗುಜರಿಗೆ ಹೋಯ್ತು ಅಂದಿದ್ರು."

"ಹೆಂಡತಿ ಮುಂದೆ ಯಾರು ಹೇಳ್ತಾರೆ" ಎಂದರು ಭಾವ.

ನನಗೆ ನಗು ಬರಲಿಲ್ಲ. ಕೋಪವೂ ಬರಲಿಲ್ಲ. ಒಂದು ಸುಳ್ಳನ್ನು ಇಪ್ಪತ್ತೆರಡು ವರ್ಷ ಒರೆಸಿ ಇಟ್ಟಿದ್ದೆ ಎಂದು ಗೊತ್ತಾಯಿತು. ಸಣ್ಣ ಸುಳ್ಳು.

ಭಾವ ನನ್ನ ತಪ್ಪಿದ ಅರ್ಧವನ್ನು ಎತ್ತಿಕೊಂಡು ನಮ್ಮವರ ಅರ್ಧದ ಮೇಲೆ ಮಗುಚಿ ಇಟ್ಟರು. ಎರಡೂ ಬಲಕ್ಕೇ ತಿರುಗಿದ್ದವು. ನಡುವಿನ ಜಾಗ ಒಂದರ ಮೇಲೊಂದು ಕೂತಿತು. ಬಾಯಿ ಬಾಯಿಗೆ ಬಂತು. ಹಿಡಿಕೆಗಳು ಕತ್ತರಿಯ ಹಾಗೆ ಬಿಚ್ಚಿಕೊಂಡವು.

"ಕೂಡುತ್ತೆ" ಎಂದರು ಭಾವ. ದನಿ ಇಳಿದಿತ್ತು. "ತೂತು ಹೊಡೆದು ಒಂದು ರಿವೆಟ್ ಹಾಕು. ನಾನು ಏನೂ ನೋಡಿಲ್ಲ. ಗಾಡಿಯವನಿಗೆ ಬರಬೇಡ ಅಂತ ಹೇಳಿ ಕಳಿಸ್ತೀನಿ."

ಅವರು ಒಳ್ಳೆಯ ಮನಸ್ಸಿನಿಂದ ಹೇಳಿದ್ದು. ಅದು ನನಗೆ ಗೊತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು.

"ಬೇಡ ಭಾವ. ಅದರಲ್ಲಿ ಅರ್ಧ ಅವರದು. ಇನ್ನೊಬ್ಬರ ಇಕ್ಕಳ ಮುಟ್ಟಬಾರದು ಅಂದಿರಲ್ಲ."

"ಅವನು ಇನ್ನೊಬ್ಬನೇನೇ?"

"ಹಿಡಿಯೋ ಕೈ ನನ್ನದು" ಎಂದೆ. "ನಾಲ್ಕು ಗಂಟೆ ಆಗಿಲ್ಲ ಇನ್ನೂ."

ನಮ್ಮವರ ಅರ್ಧವನ್ನು ಅದರ ಮೊಳೆಗೆ ತೂಗಿದೆ. ನನ್ನ ತಪ್ಪಿದ ಅರ್ಧವನ್ನೂ ಅದೇ ಮೊಳೆಗೆ ಹಾಕಿದೆ. ಬೇರೆ ಮೊಳೆ ಖಾಲಿ ಇರಲಿಲ್ಲ.

ಮೂರನೆಯ ಕಂಬಿ ತೆಗೆದುಕೊಂಡೆ. ಭಾವ ಕೊನೆಗೂ ಸ್ಟೂಲಿನ ಮೇಲೆ ಕೂತರು. ಕೈ ಕಟ್ಟಿಕೊಂಡು ಕೂತರು, ಬಾಯಿ ಕಟ್ಟಿಕೊಳ್ಳಲಿಲ್ಲ. "ಎಡಕ್ಕೆ. ಎಡಕ್ಕೆ ಅಂದ್ರೆ ನಿನ್ನ ಎಡಕ್ಕೆ, ನನ್ನ ಎಡಕ್ಕಲ್ಲ. ಅಷ್ಟೇನಾ ಜೋರು? ನೊಣ ಓಡಿಸ್ತಿದ್ದೀಯಾ?" ನಾನು ಹೊಡೆಯುತ್ತ ಹೋದೆ. ನಾಲ್ಕು ದಿನದ ಕೆಲಸ ನಾಲ್ಕು ಗಂಟೆಯಲ್ಲಿ ಬಂತು. ಕೈಗೆ ಗೊತ್ತಾಗಿತ್ತೋ ಏನೋ. ನನಗೇನೂ ಗೊತ್ತಾಗಿರಲಿಲ್ಲ.

ಎರಡಕ್ಕೂ ಕಾದಿರುವಾಗಲೇ ತೂತು ಹೊಡೆದೆ. ಮೊದಲ ಅರ್ಧ ಮತ್ತು ಮೂರನೆಯ ಅರ್ಧ. ಮಗುಚಿ ಇಟ್ಟೆ. ಕೂಡಿದವು. ತೂತಿಗೆ ರಿವೆಟ್ ಮೊಳೆ ತೂರಿಸಿ ಎರಡು ಕಡೆಯೂ ಜಡಿದ ಮೇಲೆ ಇಕ್ಕಳ ಕಲ್ಲಿನ ಹಾಗೆ ಬಿಗಿಯಾಯಿತು, ಅಲುಗಲಿಲ್ಲ. ಅದನ್ನು ಸಡಿಲಿಸುವುದು ಮಾತ್ರ ನನಗೆ ಬರುತ್ತಿತ್ತು. ನಡುವನ್ನು ಕೆಂಪಗೆ ಕಾಸಿ, ನೀರಿನ ತೊಟ್ಟಿಯಲ್ಲಿ ಅದ್ದಿ, ಆರುವ ತನಕ ತೆರೆಯುತ್ತ ಮುಚ್ಚುತ್ತ ಇರಬೇಕು. ನಿಲ್ಲಿಸಿದರೆ ಅಲ್ಲೇ ಹಿಡಿದುಕೊಳ್ಳುತ್ತದೆ. ತೆರೆದೆ, ಮುಚ್ಚಿದೆ, ತೆರೆದೆ, ಮುಚ್ಚಿದೆ. ನೀರು ಸುಮ್ಮನಾಯಿತು. ನಾನು ಇನ್ನೂ ತೆರೆಯುತ್ತ ಮುಚ್ಚುತ್ತ ಇದ್ದೆ.

"ಸಾಕಮ್ಮ. ಆರಿದೆ" ಎಂದರು ಭಾವ.

ಹಿಡಿಕೆಗಳನ್ನು ನನ್ನ ಬೆರಳಿಗೆ ತಕ್ಕ ಹಾಗೆ ಹಣಿದು ಸರಿ ಮಾಡಿಕೊಂಡೆ. ನನ್ನ ಬೆರಳು ನೆಟ್ಟಗಿದೆ, ಹಿಡಿಕೆಯೂ ನೆಟ್ಟಗಾಯಿತು.

ಗಾಡಿಯವನು ಬಂದು ಬೀದಿಯಲ್ಲಿ ಗಂಟೆ ಬಾರಿಸಿದ. ಭಾವ ಅತ್ತ ತಿರುಗಿ, "ಇರೋ ಸ್ವಲ್ಪ" ಎಂದು ಕೂಗಿದರು. ನಾನು ಮುದುಕಪ್ಪನ ತುದಿ ಸುಟ್ಟ ಉಳಿಯನ್ನು ತೆಗೆದುಕೊಂಡೆ. ಆ ಮಂಗಳವಾರದಿಂದ ಅದು ಕಿಟಕಿಯಲ್ಲೇ ಇತ್ತು. ಸುಟ್ಟ ತುದಿಯನ್ನು ಕತ್ತರಿಸಿ ಹಾಕಿ, ಕುಲುಮೆಗೆ ಇಟ್ಟೆ. ಕಿತ್ತಳೆ ಬಣ್ಣ ಬಂತು. ನನ್ನ ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲೆ ಇಟ್ಟೆ. ಸಣ್ಣ ಸುತ್ತಿಗೆ ಎತ್ತಿದೆ.

ಉಳಿ ದಪ್ಪವಿತ್ತು. ಒಬ್ಬಳ ಏಟಿಗೆ ಬಗ್ಗುವಂಥದ್ದಲ್ಲ. ಅದು ಭಾವನಿಗೂ ಗೊತ್ತು.

ಅವರು ಸ್ಟೂಲಿನಿಂದ ಎದ್ದರು. ದೊಡ್ಡ ಸುತ್ತಿಗೆ ತೆಗೆದುಕೊಂಡು ನನ್ನ ಎದುರಿಗೆ, ನಾನು ಇಪ್ಪತ್ತೆರಡು ವರ್ಷ ನಿಂತ ಜಾಗದಲ್ಲಿ ನಿಂತರು.

"ಎಲ್ಲಿ ಹೊಡೀಲಿ? ತೋರಿಸು."

ತಟ್ಟಿದೆ. ಅವರು ಅಲ್ಲೇ ಹೊಡೆದರು. ಉಳಿ ಜಾರಲಿಲ್ಲ. ಕಾಲು ಸುತ್ತು ತಿರುಗಿಸಿ ಮತ್ತೆ ತಟ್ಟಿದೆ. ಹೊಡೆದರು. ತುದಿ ಚೂಪಾಗುವ ತನಕ ಹೀಗೇ ನಡೆಯಿತು. ಆಮೇಲೆ ಸುತ್ತಿಗೆಯನ್ನು ಅಡ್ಡ ಮಲಗಿಸಿ ಅಡಿಗಲ್ಲನ್ನು ಟಣ್ ಎನಿಸಿದೆ. ಭಾವ ನಿಲ್ಲಿಸಿದರು.

ಅವರು ಬೆವರು ಒರೆಸಿಕೊಂಡು ಹೊರಗೆ ಹೋದರು. ಗಾಡಿಯವನಿಗೆ ಏನೋ ಹೇಳಿದರು. ಖಾಲಿ ಗಾಡಿ ಕಟಕಟ ಎನ್ನುತ್ತ ಬೀದಿ ಇಳಿದು ಹೋಯಿತು.

ಉಳಿಗೆ ಹದ ಕೊಟ್ಟು ಆರಲು ಇಟ್ಟೆ. ಉಳಿ ಸಿದ್ಧ ಎಂದು ಮುದುಕಪ್ಪನಿಗೆ ಇನ್ನು ಹೇಳಿ ಕಳಿಸಬೇಕಿತ್ತು.