ಬೇವಿನ ಬುಡದಲ್ಲಿ ಇರದ ಹಗೇವು

ಜೇವರ್ಗಿಯಲ್ಲಿ ನಾನಿರುವ ಕಾಕಾನ ಮನೆಯ ಎದುರಿಗೆ ಒಂದು ಕಾಳಿನ ಅಂಗಡಿ ಇದೆ. ಇವತ್ತು ಬೆಳಿಗ್ಗೆ ಅಂಗಡಿಯ ಸಾಹುಕಾರರು ಹೊಸ ಚೀಲವೊಂದರ ಬಾಯಿ ಬಿಚ್ಚಿದರು. ಹುಳಿಯೂ ಅಲ್ಲದ, ಮಣ್ಣಿನದೂ ಅಲ್ಲದ, ಎರಡನ್ನೂ ಕಲಸಿದಂಥ ವಾಸನೆ ರಸ್ತೆ ದಾಟಿ ಬಂತು. ನೆಲದ ಕುಣಿಯಲ್ಲಿ ಹೂತಿಟ್ಟು ತೆಗೆದ ಹಗೇವಿನ ಜೋಳ! ಶಾಲೆಗೆ ಹೊತ್ತಾಗಿದ್ದರೂ ಚಪ್ಪಲಿ ಮೆಟ್ಟಿಕೊಂಡು ನೇರ ಅಂಗಡಿಗೆ ಹೋದೆ.

"ಯಾವ ಊರ ಹಗೇವಿಂದ್ರಿ ಇದು? ಎಷ್ಟು ಆಳದ್ದು? ಒಳಗ ಎಷ್ಟು ದಿನ ಇತ್ತು?"

ಸಾಹುಕಾರರು ತಕ್ಕಡಿ ಕೆಳಗಿಟ್ಟು ನನ್ನ ಮುಖ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಎಲ್ಲಿಂದ ಗೊತ್ತು ಎಂಬುದನ್ನು ಹೇಳಿಬಿಡುತ್ತೇನೆ, ಕೂತುಕೊಳ್ಳಿ.

ಅಫಜಲಪುರದಿಂದ ಘತ್ತರಗಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಹೊಳೆಯ ಆಚೆ ದಂಡೆಗೆ ಸ್ವಾತಂತ್ರ್ಯ ಬಂದಿತ್ತು, ನಿಜಾಮರ ಕೈಯಲ್ಲಿದ್ದ ಈಚೆ ದಂಡೆಗೆ ಬಂದಿರಲಿಲ್ಲ. ನಲವತ್ತೆಂಟರ ಬೇಸಿಗೆಯ ಮಾತು ಇದು. ರಸ್ತೆಯಲ್ಲಿ ಬಂದೂಕು ಹಿಡಿದವರು ತಿರುಗುತ್ತಿದ್ದರು. ಸುಗ್ಗಿ ಮುಗಿದ ಕೂಡಲೇ ಸರಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಲೇವಿಗೆಂದು ಜೋಳ ಅಳೆದುಕೊಂಡು ಹೋಗಲು ಕಂದಾಯದ ಗಿರ್ದಾವರರು ಕುದುರೆ ಏರಿ ಬರುತ್ತಿದ್ದರು. ಊರಿಗೆ ಹೊಸಬರು ಬಂದರೆ ನೀರು ಕೊಡುವ ಮೊದಲು ಹೆಸರು ಕೇಳುತ್ತಿದ್ದೆವು, ಹೆಸರು ಕೇಳಿದ ಮೇಲೂ ನಂಬುತ್ತಿರಲಿಲ್ಲ.

ನಾನಿನ್ನೂ ಶಾಲೆಗೆ ಹೋಗುವ ಹುಡುಗಿ, ಆಗಲೇ ದಿನಚರಿಯ ಚಟ. ಸರಕಾರದ ಫಸಲಿ ತಿಂಗಳು ಒಂದು ಕಡೆ, ನಮ್ಮ ತಿಥಿ ಇನ್ನೊಂದು ಕಡೆ ಬರೆದು, ನಡುವೆ ಯಾರು ಬಂದರು, ಎಲ್ಲಿ ಕೂತರು, ಏನು ತಿಂದರು ಎಂದು ಗೀಟು ಎಳೆದಿಡುತ್ತಿದ್ದೆ. ಯಾವ ಉಪಯೋಗಕ್ಕೆ ಎಂದು ಕೇಳಬೇಡಿ. ನಮ್ಮ ಅವ್ವ ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಳು.

ಮಠದ ಪಡಸಾಲೆಯಲ್ಲಿ ನಮ್ಮ ಖಾಸಗಿ ಶಾಲೆ. ಹಳೆಯ ಮಾಸ್ತರರು ಮಗ್ಗಿ ಹೇಳಿಸುತ್ತಿದ್ದರು, ನಾವು ಹೇಳುತ್ತಿದ್ದೆವು, ಎರಡೂ ಕಡೆಯವರಿಗೆ ನಿದ್ದೆ ಬರುತ್ತಿತ್ತು. ಎಳ್ಳಮಾವಾಸ್ಯೆ ಕಳೆದ ಮೇಲೆ ಆಳಂದದ ಕಡೆಯಿಂದ ಹೊಸ ಮಾಸ್ತರರು ಬಂದರು. ಉದ್ದ ಕೊರಳಿನ, ಮೆತ್ತಗೆ ಮಾತಾಡುವ ಮನುಷ್ಯ. ಊರವರು ಮನೆಗಿಷ್ಟು ಜೋಳ ಕೊಟ್ಟು ಅವರನ್ನು ಇಟ್ಟುಕೊಂಡಿದ್ದರು. ಏನು ಕೇಳಿದರೂ ಅವರದು ಒಂದೇ ಉತ್ತರ: "ನನಗೂ ಗೊತ್ತಿಲ್ಲ. ನೋಡಿಕೊಂಡು ಬರ್ರಿ, ಕೇಳಿಕೊಂಡು ಬರ್ರಿ." ಒಂದು ಬಾವಿಯ ನೀರು ಸಿಹಿ, ಇನ್ನೊಂದರದು ಸವಳು, ಯಾಕೆ? ಗೊತ್ತಿಲ್ಲ, ನೋಡಿಕೊಂಡು ಬರ್ರಿ. ಎರಡು ವಾರ ನಾವು ಕೊಡ ಹಿಡಿದು ಊರೆಲ್ಲ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡೆವು.

"ಗೊತ್ತಿಲ್ಲದವಗ ಜೋಳ ಯಾಕ ಕೊಡಬೇಕು?" ಎಂದು ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಗೊಣಗಿದರು. ನಿಜ ಹೇಳಬೇಕೆಂದರೆ ನನಗೂ ಅನುಮಾನವೇ. ಗೊತ್ತಿಲ್ಲ ಎನ್ನುವಾಗ ಮಾಸ್ತರರ ತುಟಿಯ ಒಂದು ತುದಿ ಅಲುಗುತ್ತಿತ್ತು.

ಹಗೇವು ನೋಡದವರಿಗೆ ಹೇಳುತ್ತೇನೆ. ಅದು ನೆಲದೊಳಗೆ ಗಡಿಗೆಯ ಹಾಗೆ ತೋಡಿದ ಕಾಳಿನ ಕುಣಿ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಆದರೆ ತೆರೆದ ಕೂಡಲೇ ಯಾರೂ ಇಳಿಯಬಾರದು, ಉಸಿರು ಕಟ್ಟುತ್ತದೆ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಡಬೇಕು. ದೀಪ ಆರಿದರೆ ಕಾಯಬೇಕು. ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಪಕ್ಕದ ಮನೆಯ ಶಿವಪ್ಪ ಕಾಕಾ ಹಗೇವು ತೆರೆದಾಗ ದೀಪ ಪಟಕ್ಕನೆ ಆರಿದ್ದನ್ನು ನೋಡಿ ನಾವು ಮಾಸ್ತರರ ಹತ್ತಿರ ಓಡಿದೆವು. ದೀಪ ಯಾಕೆ ಆರುತ್ತದೆ?

"ನನಗೂ ಗೊತ್ತಿಲ್ಲ," ಎಂದರು. "ಎಲ್ಲಾ ಹಗೇವಿನಾಗೂ ಆರ್ತದೇನು? ಆಳ ಇದ್ದದ್ರಾಗ ಲಗೂನ ಆರ್ತದೇನು? ಮನಿ ಮನಿಗೆ ಹೋಗಿ ಕೇಳ್ರಿ."

ಲೇವಿಯ ವರ್ಷದಲ್ಲಿ, ಓಣಿ ಓಣಿಗೆ, ನಿಮ್ಮ ಹಗೇವು ಎಷ್ಟು ಆಳ ಎಂದು ಕೇಳುತ್ತ ಹೊರಟ ಇಪ್ಪತ್ತು ಮಕ್ಕಳನ್ನು ಊಹಿಸಿಕೊಳ್ಳಿ.

ನಾನು ಕೇಳಿದಾಗ ಮುತ್ಯಾನ ಕೈಯ ರೊಟ್ಟಿ ಬಾಯಿಯ ಹತ್ತಿರವೇ ನಿಂತಿತು.

"ಯಾರು ಕೇಳ್ಯಾರ ಬೇ?"

"ಮಾಸ್ತರು."

"ಯಾವ ಹಗೇವು?"

"ಎರಡೂ."

ಅಂಗಳದ ಹಗೇವು ಲೋಕಕ್ಕೆಲ್ಲ ಗೊತ್ತಿದ್ದದ್ದು. ದನದ ಕೊಟ್ಟಿಗೆಯ ನೆಲದಡಿಯದು ಮನೆಯವರಿಗೆ ಮಾತ್ರ ಗೊತ್ತಿದ್ದದ್ದು. ಅದರಲ್ಲಿ ಇದ್ದದ್ದು ನಮ್ಮ ವರ್ಷದ ಊಟ. ಮುತ್ಯಾ ರೊಟ್ಟಿ ತಟ್ಟೆಗೆ ಹಾಕಿದರು. ಆಮೇಲೆ ಮೆತ್ತಗೆ ಹೇಳಿದರು: "ನಿಮ್ಮ ಮಾಸ್ತರಗ ಹೇಳು, ದೊಡ್ಡ ಹಗೇವು ಮನಿ ಮುಂದಿನ ಬೇವಿನ ಬುಡಕ ಅದ ಅಂತ."

ಬೇವಿನ ಬುಡದಲ್ಲಿ ಬೇರು ಬಿಟ್ಟರೆ ಏನೂ ಇರಲಿಲ್ಲ. ಗಿರ್ದಾವರ ಅಲ್ಲಿ ಅಗೆಸಿದರೆ ಮಾಸ್ತರ ಲೇವಿಯ ಮನುಷ್ಯ ಎಂದು ಗೊತ್ತಾಗುತ್ತದೆ, ಮರುದಿನವೇ ಗಾಡಿ ಹೂಡಿ ಆಳಂದಕ್ಕೆ ಕಳಿಸುವುದು ಎಂದು ಹಿರಿಯರು ಮಾತಾಡಿಕೊಂಡರು.

ನಾನು ಹೋಗಿ ಹೇಳಿದೆ. ಮಾಸ್ತರರು, "ಎಲ್ಲಿ ಅದ ಅಂತ ನಾ ಕೇಳಿಲ್ಲಲ್ಲ ತಂಗಿ. ಆಳ ಎಷ್ಟು?" ಎಂದರು. ದಿನಚರಿಯಲ್ಲಿ ನಂಬಿಕೆ, ಅನುಮಾನ ಎಂದು ಎರಡು ಕಡೆ ಮಾಡಿ, ಇದಕ್ಕೆ ನಂಬಿಕೆಯ ಕಡೆ ಗೀಟು ಎಳೆದೆ. ಮುತ್ಯಾ ಮಾತ್ರ ತಲೆ ಆಡಿಸಿದರು. "ಕೇಳದಂಗ ಮಾಡ್ಯಾನ. ಕಿವಿಯಾಗ ಇಟಗೊಂಡಾನ."

ಗಿರ್ದಾವರ ಬಂದದ್ದು ನಡು ಮಧ್ಯಾಹ್ನ. ಅಂಗಳದ ಹಗೇವು ತೆರೆಸಿದರು. ಕಂದೀಲು ಇಳಿಯಿತು, ಆರಿತು. "ಇನ್ನಾ ಗಾಳಿ ಆಡಬೇಕ್ರಿ ಸಾಹೇಬ್ರ," ಎಂದರು ಮುತ್ಯಾ. ಗಿರ್ದಾವರ ಬೆವರು ಒರೆಸಿಕೊಂಡು ಸುತ್ತ ನೋಡಿ, ನೆಟ್ಟಗೆ ಬೇವಿನ ಬುಡಕ್ಕೆ ನಡೆದರು. ಅಲ್ಲಿ ನಿಂತು ಕೈಯ ಬಡಿಗೆಯಿಂದ ನೆಲವನ್ನು ಎರಡು ಸಲ ಕುಟ್ಟಿದರು. ಅವ್ವ ಬಾಗಿಲ ಹಿಂದಿನಿಂದ ಇಣುಕಿದಳು. ಆಮೇಲೆ ಅವರು ಇರುವೆ ಇಲ್ಲದ ಕಡೆ ಕುಂಡೆ ಊರಿ, ಪೇಟ ತೆಗೆದು ಗಾಳಿ ಹಾಕಿಕೊಂಡರು. ಹಗೇವಿನೊಳಗೆ ದೀಪ ಆರದೆ ನಿಂತ ಮೇಲೆ ಜೋಳ ಅಳೆಸಿಕೊಂಡು ಹೋದರು. ಅಗೆಸಲಿಲ್ಲ.

ಸಂಜೆ ನಮ್ಮ ಕಟ್ಟೆಯ ಮೇಲೆ ಹಿರಿಯರು ಸೇರಿದರು.

"ನೆಟ್ಟಗ ಬೇವಿಗೇ ಹೋದ. ನೆಲ ಬಡದು ನೋಡಿದ," ಎಂದರು ಮುತ್ಯಾ. "ಇವತ್ತು ಗುರತು ಮಾಡಿಕೊಂಡ, ನಾಳೆ ಸಲಿಕೆ ತರ್ತಾನ. ಮುಂಜಾನೆ ಗಾಡಿ ಹೂಡ್ರಿ."

ನಾನು ಕಂಬದ ಹಿಂದಿನಿಂದ ಹೇಳಿದೆ: "ಮುತ್ಯಾ, ಯುಗಾದಿಯಿಂದ ಇಲ್ಲಿ ತನಕ ನಮ್ಮನಿಗೆ ಬಂದವರೆಲ್ಲ ಬೇವಿನ ಬುಡಕೇ ಕೂತಾರ. ಬಳೆಗಾರ ಕೂತಾನ. ಅಯ್ಯಾವ್ರು ಕೂತಾರ. ಅಕ್ಕನ ಮಾವನೋರೂ ಕೂತಾರ. ಓಣ್ಯಾಗ ನೆಳ್ಳು ಅದೊಂದೇ. ಅವರಿಗೆಲ್ಲ ಮಾಸ್ತರು ಹೇಳಿದ್ರೇನು?"

"ಬಾಯಿ ಮುಚ್ಚು ಬೇ! ಹೆಣ್ಣುಡುಗಿ ಪಂಚಾಯ್ತಿ ಮಾಡಾಕ ಬಂತು," ಎಂದು ಮುತ್ಯಾ ಗದರಿದರು.

ಮುತ್ಯಾ ಎಲೆ ಮಡಿಚಿದರು, ಬಿಚ್ಚಿದರು. ಅವರು ಸಿಟ್ಟಿನ ಮನುಷ್ಯ, ಆದರೆ ತಕ್ಕಡಿಯ ಮುಳ್ಳು ನೆಟ್ಟಗಾಗುವ ತನಕ ಕಾಳು ಸುರಿದುಕೊಳ್ಳದ ಮನುಷ್ಯ.

"ಕೂತದ್ದಂತೂ ಖರೇ," ಎಂದರು ಕೊನೆಗೆ. "ಮಾಸ್ತರ ಹೇಳಿದ್ದಕ್ಕ ಕೂತನೋ, ಬಿಸಲಿಗೆ ಕೂತನೋ?"

"ಅದೇ ಗೊತ್ತಿಲ್ಲ ಮುತ್ಯಾ."

"ಗೊತ್ತಿಲ್ಲದ ಮ್ಯಾಲ ಗಾಡಿ ಹೂಡೂದು ಹೆಂಗ?"

ಆಗ ಶಿವಪ್ಪ ಕಾಕಾ ತೊಡೆ ತಟ್ಟಿದರು. "ಈ ಸಲ ನಮ್ಮ ತಿಪ್ಪಿ ಕೆಳಗ ಅದ ಅಂತ ಹೇಳಸ್ರಿ. ಅಲ್ಲಿ ಯಾರೂ ನೆಳ್ಳಿಗೆ ಕೂಡಂಗಿಲ್ಲ!"

ಕಟ್ಟೆ ನಕ್ಕಿತು. ಆದರೆ ಹಾಗೆಯೇ ಮಾಡಿದರು. ಶಿವಪ್ಪ ಕಾಕಾನ ಮಗನೇ ಹೋಗಿ ಮಾಸ್ತರರಿಗೆ ಹೇಳಿ ಬಂದ. ಮುಂದಿನ ಸಂತೆ ಕಳೆದು ಗಿರ್ದಾವರ ಮತ್ತೆ ಬಂದಾಗ ಇಡೀ ಓಣಿ ಬಾಗಿಲ ಸಂದಿಯಿಂದ ತಿಪ್ಪೆಯನ್ನು ನೋಡುತ್ತಿತ್ತು. ಗಿರ್ದಾವರ ಮೂಗಿಗೆ ಕರವಸ್ತ್ರ ಹಿಡಿದು ಅದನ್ನು ಬಳಸಿ ಹೋಗಿ, ನಮ್ಮ ಬೇವಿನ ಬುಡದಲ್ಲಿ ಕೂತರು.

ಮಾಸ್ತರರು ಉಳಿದರು. ಅನುಮಾನ ಬಂದಾಗಿನಿಂದ ನಿಂತಿದ್ದ ಅವರ ಸಂಬಳದ ಜೋಳ ಮತ್ತೆ ಮನೆ ಮನೆಯಿಂದ ಹೋಯಿತು. ಮೊದಲು ಕಳಿಸಿದ್ದು ಮುತ್ಯಾ, ಅದೂ ಒಂದು ಹಿಡಿ ಹೆಚ್ಚು.

ದೀಪದ ಪ್ರಶ್ನೆ ಇನ್ನೂ ಹಾಗೆಯೇ ಇತ್ತು. ಹಗೇವಿನ ಸುದ್ದಿ ಬೇಡವೆಂದು ನಾವು ಮಕ್ಕಳೇ ಮೂರು ಗಡಿಗೆ ತಂದೆವು. ಒಂದು ಖಾಲಿ, ಒಂದರಲ್ಲಿ ಒಣ ಜೋಳ, ಒಂದರಲ್ಲಿ ನೆನೆಸಿದ ಜೋಳ. ಬಾಯಿಗೆ ಮಣ್ಣು ಮೆತ್ತಿ ಮಠದ ಮೂಲೆಯಲ್ಲಿಟ್ಟೆವು. ತೆರೆಯುವ ದಿನ ಮುತ್ಯಾ ಬಂದು ಕಂಬಕ್ಕೆ ಒರಗಿ ನಿಂತರು. ಖಾಲಿ ಗಡಿಗೆಯಲ್ಲಿ ಹಣತೆ ಉರಿಯಿತು. ಒಣ ಜೋಳದಲ್ಲೂ ಉರಿಯಿತು. ನೆನೆಸಿದ ಜೋಳ ಮೊಳಕೆ ಒಡೆದಿತ್ತು, ಅಲ್ಲಿ ಪಟಕ್ಕನೆ ಆರಿತು.

"ಯಾಕ್ರೀ ಮಾಸ್ತರ?" ಎಂದರು ಮುತ್ಯಾ, ಮಕ್ಕಳಿಗಿಂತ ಮೊದಲು.

"ನನಗೂ ಗೊತ್ತಿಲ್ರಿ ಗೌಡ್ರ."

ಮನೆ ಹತ್ತಿರ ಬಂದಾಗ ಮುತ್ಯಾ ನನ್ನ ಭುಜ ಹಿಡಿದು ನಿಲ್ಲಿಸಿದರು. "ಲೇವಿ ಮನುಷ್ಯಾ ಅಲ್ಲ, ಒಪ್ಪಿದೆ. ಆದರ ಸುಳ್ಳು ಹೇಳ್ತಾನ. ಅಂವಗ ಎಲ್ಲಾ ಗೊತ್ತದ."

ಈ ಅನುಮಾನವನ್ನು ಪರೀಕ್ಷಿಸುವ ಉಪಾಯ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅಂದಿನ ತಿಥಿಯ ಎದುರು ನಾನು ಎಳೆದ ಗೀಟು ಯಾವ ಕಡೆಗೂ ಸೇರದೆ ನಡುವೆಯೇ ನಿಂತಿದೆ.

ಇತ್ತ ಜೇವರ್ಗಿಯ ಅಂಗಡಿಯಲ್ಲಿ ಸಾಹುಕಾರರು ಚೀಲದ ಬಾಯಿಯನ್ನು ಮೆಲ್ಲಗೆ ಮಡಚುತ್ತಿದ್ದರು. "ಯಾಕ್ರಿ ಅಕ್ಕೋರ, ಆಳ ಎಷ್ಟು, ಊರು ಯಾವುದು ಅಂತ ಕೇಳಾಕತ್ತೀರಿ? ಕಚೇರಿಯವರು ಯಾರರ ಕಳಿಸ್ಯಾರೇನು?"

"ಇಲ್ರಿ. ಹಗೇವಿನ ಜೋಳಕ್ಕ ಈ ವಾಸನಿ ಯಾಕ ಬರ್ತದ ಅಂತ ಸಾಲ್ಯಾಗ ನಾ ಕಲಸೋ ಹುಡುಗ್ರಿಗೆ ಕೇಳೋಣ ಅಂತ."

"ನಿಮಗ ಗೊತ್ತಿಲ್ಲೇನ್ರಿ?"

"ನನಗೂ ಗೊತ್ತಿಲ್ರಿ," ಎಂದೆ.

ಹಾಗೆನ್ನುವಾಗ ನನ್ನ ತುಟಿಯ ಒಂದು ತುದಿ ತಾನಾಗಿಯೇ ಅಲುಗಿತು. ಸಾಹುಕಾರರು ಅದನ್ನು ನೋಡಿಬಿಟ್ಟರು. ಹುಡುಗರಿಗೆ ತೋರಿಸಲು ಕೇಳಿದ ಒಂದು ಹಿಡಿ ಜೋಳವನ್ನು ಕೊಟ್ಟರು, ಆದರೆ ನಾನು ಶಾಲೆಯ ತಿರುವು ದಾಟುವ ತನಕ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಲೇ ಇದ್ದರು.