ಹನ್ನೊಂದು ‘ಗೊತ್ತಿಲ್ಲ’ಗಳು

ಆ ಕಟ್ಟಡದಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಬಂದು ಹೆಡ್‌ಫೋನ್ ಹಾಕಿಕೊಂಡರೆ ಸಂಜೆ ತೆಗೆಯುವ ಹೊತ್ತಿಗೆ ಅವಳ ಎರಡೂ ಕಿವಿ ಕೆಂಪಗಾಗಿರುತ್ತಿದ್ದವು. ಕೆಳಗಿನ ಸಭಾಂಗಣದಲ್ಲಿ ತಿಂಗಳಿಗೊಂದು ಮಾತುಕತೆ ನಡೆಯುತ್ತಿತ್ತು. ಎರಡು ಕುರ್ಚಿ, ನಡುವೆ ಒಂದು ಸಣ್ಣ ಮೇಜು. ಒಂದು ಕುರ್ಚಿಯಲ್ಲಿ ವಿಜ್ಞಾನ ಬಲ್ಲವರು, ಇನ್ನೊಂದರಲ್ಲಿ ಬೀದಿಗಿಳಿದು ಹೋರಾಡುವವರು. ಕಾಡು, ಬೀಜ, ಗಾಳಿ, ನೀರು, ಹೀಗೆ ಯಾವುದಾದರೊಂದು ವಿಷಯ. ಅವರು ಆಡಿದ್ದನ್ನೆಲ್ಲ ರೆಕಾರ್ಡ್ ಮಾಡಿ ಮೇಲಿನ ಕೋಣೆಗೆ ಕೊಡುತ್ತಿದ್ದರು. ಕಿವಿಯಕ್ಕ ಅದನ್ನು ಕೇಳಿ ಕೇಳಿ ಟೈಪ್ ಮಾಡುತ್ತಿದ್ದಳು. ಆಮೇಲೆ ಅದು ಪುಸ್ತಿಕೆಯಾಗಿ ಊರಿನ ಮನೆಮನೆಗೆ ಹೋಗುತ್ತಿತ್ತು.

ಅವಳ ಮೇಜಿನ ಕೆಳಗೆ ಒಂದು ಪೆಡಲ್ ಇತ್ತು. ಕಾಲಿಟ್ಟರೆ ಮಾತು ಓಡುತ್ತಿತ್ತು, ಎತ್ತಿದರೆ ನಿಲ್ಲುತ್ತಿತ್ತು, ಹಿಮ್ಮಡಿಯಿಂದ ಒತ್ತಿದರೆ ತುಸು ಹಿಂದಕ್ಕೆ ಹೋಗುತ್ತಿತ್ತು. ಹದಿನಾಲ್ಕು ವರ್ಷದಿಂದ ಅವಳ ಬಲಗಾಲಿನ ಚಪ್ಪಲಿಯೇ ಮೊದಲು ಸವೆಯುತ್ತಿತ್ತು.

ಜನ ಆಡಿದ್ದನ್ನು ಆಡಿದ ಹಾಗೆಯೇ ಬರೆದರೆ ಓದಲಿಕ್ಕಾಗುವುದಿಲ್ಲ. ಎಷ್ಟು ಓದಿದವರಾದರೂ ‘ಅದೂ... ಅಂದ್ರೆ...’ ಎಂದು ತಡವರಿಸುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ, ನಡುವೆ ಕೆಮ್ಮುತ್ತಾರೆ. ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಅವಳು ಇದನ್ನೆಲ್ಲ ಆರಿಸಿ ತೆಗೆಯುತ್ತಿದ್ದಳು. “ಇವರ ಮಾತಿಗೆ ಇಸ್ತ್ರಿ ಹಾಕೋದು ನೀನೇ ಕಣಮ್ಮ. ನಿನ್ನ ಪ್ರತಿ ಅಂದ್ರೆ ಇನ್ನೊಂದು ಸಲ ನೋಡೋದೇ ಬೇಡ,” ಎನ್ನುತ್ತಿದ್ದರು ಸಂಪಾದಕರು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇ? ಆ ಮಾತನ್ನು ಅವಳು ತುಂಬಿದ ಕೊಡದ ಹಾಗೆ ಜೋಪಾನವಾಗಿ ಮನೆಗೆ ಒಯ್ದಿದ್ದಳು.

ಒಂದು ಮಳೆಗಾಲದ ಕೊನೆಯಲ್ಲಿ ಕೆರೆಯ ಪಕ್ಕದ ಬೀದಿಯ ಬಾವಿಗಳ ಬಗ್ಗೆ ಮಾತುಕತೆ ನಡೆಯಿತು. ಒಂದು ಕಡೆ ನೀರಿನ ಪರೀಕ್ಷೆ ಮಾಡುವ ಪ್ರೊಫೆಸರಮ್ಮ. ಇನ್ನೊಂದು ಕಡೆ ಇಪ್ಪತ್ತು ವರ್ಷದಿಂದ ಆ ಕೆರೆಗಾಗಿ ಬಡಿದಾಡುತ್ತಿದ್ದ, ಅದೇ ಹೆಸರಾಗಿಹೋಗಿದ್ದ ಕೆರೆಯಣ್ಣ. ಮೇಲಿನ ಬಣ್ಣದ ಕಾರ್ಖಾನೆಯ ನೀರು ಬಾವಿಗಳಿಗೆ ಇಳಿಯುತ್ತಿದೆಯೇ ಎಂಬುದು ಪ್ರಶ್ನೆ.

“ನೇರವಾಗಿ ಹೇಳಿ ಮೇಡಂ. ಕುಡೀಬಹುದೋ, ಬೇಡವೋ?”

“ಈಗ ತೆಗೆದ ನೀರಲ್ಲಿ ತೊಂದರೆ ಕಾಣ್ಲಿಲ್ಲ. ಆದ್ರೆ ಬೇಸಿಗೇಲಿ ನೀರು ಆಳಕ್ಕೆ ಇಳಿದಾಗ ಏನಾಗುತ್ತೆ ಅಂತ... ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನೋಕೆ ಇಷ್ಟು ಓದಬೇಕಿತ್ತಾ? ಅದನ್ನ ನಾನೂ ಹೇಳ್ತಿದ್ದೆ!”

ಸಭೆ ಗೊಳ್ಳೆಂದು ನಕ್ಕಿತು. ಆ ನಗು ಹೆಡ್‌ಫೋನಿನಲ್ಲಿ ಬಂದಾಗ ಕಿವಿಯಕ್ಕನ ಕಾಲು ತಾನಾಗಿ ಪೆಡಲಿನಿಂದ ಮೇಲೆದ್ದಿತು. ಶಾಲೆಯಲ್ಲಿ ಗೊತ್ತಿಲ್ಲ ಎಂದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅವಳು ಎಷ್ಟೋ ದಿನ ಹಾಗೆ ನಿಂತು, ಕೆಳಗೆ ನಗುವವರ ನೆತ್ತಿಗಳನ್ನು ನೋಡಿದ್ದಳು. ಇಷ್ಟು ದೊಡ್ಡ ಹೆಂಗಸನ್ನು ಅಚ್ಚಿನಲ್ಲಿ ಊರೆಲ್ಲ ಓದುವ ಹಾಗೆ ಬೆಂಚಿನ ಮೇಲೆ ನಿಲ್ಲಿಸುವುದೇ? ಅವಳು ‘ಗೊತ್ತಿಲ್ಲ’ಗಳನ್ನು ತೆಗೆದಳು. ಅದರ ಹಿಂದೆಮುಂದೆ ತೂಗಾಡುತ್ತಿದ್ದ ‘ಆದರೆ’, ‘ಬೇಸಿಗೆ’ಗಳನ್ನೂ, ಕೆರೆಯಣ್ಣನ ಗೇಲಿಯನ್ನೂ ತೆಗೆದಳು. ಉಳಿದದ್ದು ಒಂದು ಚೊಕ್ಕ ವಾಕ್ಯ: ಬಾವಿಗಳ ನೀರಿನಲ್ಲಿ ತೊಂದರೆ ಕಾಣಲಿಲ್ಲ. ಆ ದಿನ ಅವಳಿಗೆ ಯಾರಿಗೋ ಸೆರಗು ಸರಿಮಾಡಿಕೊಟ್ಟಷ್ಟು ಸಮಾಧಾನವಾಯಿತು.

ಪುಸ್ತಿಕೆ ಬಂದಾಗ ಅವಳೇ ಒಂದು ಪ್ರತಿಯನ್ನು ಅಣ್ಣನ ಮನೆಗೆ ಒಯ್ದಳು. ಅಣ್ಣನ ಮನೆ ಆ ಬೀದಿಯಲ್ಲೇ ಇತ್ತು.

“ನೋಡ್ರೇ, ನಮ್ಮ ನಾದಿನಿ ಬರೆದ ಪುಸ್ತಕ!” ಎಂದು ಅತ್ತಿಗೆ ಅಕ್ಕಪಕ್ಕದವರನ್ನೆಲ್ಲ ಕರೆದಳು. “ಇನ್ಮೇಲೆ ಆ ದೂರದ ನಲ್ಲಿಗೆ ಹೋಗಿ ಕೈ ಜಗ್ಗಿಸ್ಕೊಳ್ಳೋದು ತಪ್ತು.”

“ನಾನು ಬರೆದಿದ್ದಲ್ಲ ಅತ್ತಿಗೆ, ಟೈಪ್ ಮಾಡಿದ್ದು,” ಎಂದಳು ಕಿವಿಯಕ್ಕ. ಹೇಳುವಾಗ ನಕ್ಕಳು. ಆ ನಗುವನ್ನು ನೆನೆಸಿಕೊಂಡರೆ ಮುಂದೆ ಅವಳಿಗೆ ಮೈಯೆಲ್ಲ ಮುದುಡಿದಂತಾಗುತ್ತಿತ್ತು.

ಬೇಸಿಗೆಯಲ್ಲಿ ಪ್ರೊಫೆಸರಮ್ಮ ಮತ್ತೆ ಬಂದು ನೀರು ತೆಗೆದು ನೋಡಿದರು. ಈ ಸಲ ಕುಡಿಯಲು ಯೋಗ್ಯವಲ್ಲ ಎಂದು ಬಂತು. ಅಷ್ಟರಲ್ಲಿ ಬೀದಿಯವರು ಆರು ತಿಂಗಳು ಆ ನೀರನ್ನು ಕುಡಿದಿದ್ದರು. ಅಣ್ಣನ ಮಗಳಿಗೆ ಎರಡು ಸಲ ಹೊಟ್ಟೆನೋವು ಬಂದಿತ್ತು. ನೀರಿನಿಂದಲೇ ಬಂದದ್ದೇ ಎಂದು ಕೇಳಿದರೆ ಡಾಕ್ಟರ್ ಗೊತ್ತಿಲ್ಲ ಎಂದರು. ಆ ಡಾಕ್ಟರನ್ನು ನೋಡಿ ಯಾರೂ ನಗಲಿಲ್ಲ.

ಸಭಾಂಗಣದಲ್ಲಿ ಮತ್ತೆ ಜನ ಸೇರಿದರು. ಕೂರಲು ಜಾಗವಿರಲಿಲ್ಲ. ಕಿವಿಯಕ್ಕ ರೆಕಾರ್ಡರಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು.

“ಪುಸ್ತಕದಲ್ಲಿ ಒಂದು, ಈಗ ಬಾಯಲ್ಲಿ ಒಂದಾ ಮೇಡಂ?” ಅತ್ತಿಗೆಯೇ ಮೊದಲು ಎದ್ದಳು.

“ನಾನು ಹಾಗೆ ಹೇಳಿರಲಿಲ್ಲಮ್ಮ. ಬೇಸಿಗೆದು ಗೊತ್ತಿಲ್ಲ ಅಂದಿದ್ದೆ. ಅಂದಿದ್ದೆ ಅಂತಲೇ ನೆನಪು.”

ಕೆರೆಯಣ್ಣ ಪುಸ್ತಿಕೆಯ ಪುಟ ತಿರುವಿದ. “ನಾನೂ ಪಕ್ಕದಲ್ಲೇ ಕೂತಿದ್ದೆ ಮೇಡಂ. ಆರು ತಿಂಗಳ ಹಿಂದಿನ ಮಾತು ಯಾರಿಗೆ ನೆನಪಿರುತ್ತೆ? ಅದಕ್ಕೇ ಅಲ್ವಾ ಬರೆದಿಡೋದು? ಇಲ್ಲಿ ಗೊತ್ತಿಲ್ಲ ಅನ್ನೋ ಮಾತೇ ಇಲ್ಲ.”

“ಹಾಗಾದ್ರೆ ನಮ್ಮ ನಾದಿನಿ ಸುಳ್ಳು ಬರೆದ್ಲಾ?” ಅತ್ತಿಗೆ ಸಭೆಗೆಲ್ಲ ಕೇಳುವಂತೆ ಹೇಳಿದಳು. “ನಿಮ್ಮಷ್ಟು ಓದಿಲ್ಲ ಅವಳು. ಆದ್ರೆ ಒಂದಕ್ಷರ ಹೆಚ್ಚುಕಮ್ಮಿ ಮಾಡೋಳಲ್ಲ. ಹೇಳೇ, ಅಲ್ಲೇ ನಿಂತಿದ್ದೀಯಲ್ಲ!”

ನೂರು ಮುಖಗಳು ಇತ್ತ ತಿರುಗಿದವು. ಪ್ರೊಫೆಸರಮ್ಮನೂ ನೋಡಿದರು, ಸಿಟ್ಟಿನಿಂದಲ್ಲ, ಆಸೆಯಿಂದ. ಕಿವಿಯಕ್ಕ ಬಗ್ಗಿ, ಸರಿಯಾಗಿಯೇ ಇದ್ದ ವೈರನ್ನು ಕಿತ್ತು ಮತ್ತೆ ಸಿಕ್ಕಿಸತೊಡಗಿದಳು. ಅವಳು ಮೇಲೆದ್ದಾಗ ಪ್ರೊಫೆಸರಮ್ಮನ ಕುರ್ಚಿ ಖಾಲಿಯಾಗಿತ್ತು.

“ಪಾಪ, ನಮ್ಮ ಹುಡುಗಿಗೆ ಸಭೆ ಅಂದ್ರೆ ಹೆದರಿಕೆ,” ಎಂದು ಅತ್ತಿಗೆ ಅವಳ ಬೆನ್ನು ಸವರಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲೇ ಅವಳು ಹಳೆಯ ರೆಕಾರ್ಡಿಂಗ್ ಹಾಕಿ ಕೇಳಿದಳು. ಒಂದೊಂದು ‘ಗೊತ್ತಿಲ್ಲ’ ಬಂದಾಗಲೂ ಕಾಗದದಲ್ಲಿ ಒಂದು ಗೀಟು ಎಳೆದಳು. ಆಮೇಲೆ ರೆಕಾರ್ಡರನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಪ್ರೊಫೆಸರಮ್ಮನ ಪ್ರಯೋಗಾಲಯಕ್ಕೆ ನಡೆದಳು. ಕಿಟಕಿಯಲ್ಲಿ ಸಾಲಾಗಿ ನೀರಿನ ಸೀಸೆಗಳಿದ್ದವು. ಒಂದೊಂದಕ್ಕೂ ತಾರೀಕು ಬರೆದ ಚೀಟಿ ಅಂಟಿಸಿತ್ತು.

ಕಿವಿಯಕ್ಕ ತಾನು ಮಾಡಿದ್ದನ್ನು ಹೇಳಿದಳು. ಪ್ರೊಫೆಸರಮ್ಮ ಪೂರ್ತಿ ಕೇಳಿದರು. “ಎಷ್ಟು ಸಲ ಹೇಳಿದ್ದೀನಿ?”

“ಹನ್ನೊಂದು.”

“ಹನ್ನೊಂದರಲ್ಲಿ ಒಂದನ್ನಾದ್ರೂ ಉಳಿಸಬಾರದಿತ್ತೇನಮ್ಮ?”

“ನಿಮ್ಮ ಮರ್ಯಾದೆ ಹೋಗುತ್ತೆ ಅಂತ...”

ಪ್ರೊಫೆಸರಮ್ಮ ಒಂದು ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದು, ಮತ್ತೆ ಅದರ ಜಾಗದಲ್ಲೇ ಇಟ್ಟರು. “ಅವತ್ತು ನನಗೆ ಖಚಿತವಾಗಿ ಗೊತ್ತಿದ್ದದ್ದು ಅದೊಂದೇ. ಗೊತ್ತಿಲ್ಲ ಅನ್ನೋದು. ಅಚ್ಚಾದ ಮೇಲೆ ನಾನಾದರೂ ಓದಬೇಕಿತ್ತು, ಓದಲಿಲ್ಲ. ಅದಿರಲಿ. ಆ ಬೀದಿಯವರಿಗೆ ಯಾರು ಹೇಳ್ತಾರೆ?”

“ನೀವೇ ರೆಕಾರ್ಡಿಂಗ್ ಕೇಳಿಸಿ ಮೇಡಂ. ಇದನ್ನ ಇಲ್ಲೇ ಬಿಟ್ಟುಹೋಗ್ತೀನಿ.”

“ನಾನು ಹೇಳಿದ್ರೆ ನನ್ನ ಬಚಾವಿಗೆ ಹೇಳಿದ ಹಾಗಾಗುತ್ತೆ.” ಅವರು ಅಷ್ಟೇ ಹೇಳಿದರು. ಕ್ಷಮಿಸಿದೆ ಎನ್ನಲಿಲ್ಲ. ಕುಳಿತುಕೋ ಎಂದೂ ಅನ್ನಲಿಲ್ಲ.

ಮುಂದಿನ ಮಾತುಕತೆಯ ದಿನ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಕಿವಿಯಕ್ಕ ಮೈಕಿನ ಮುಂದೆ ಬಂದು ನಿಂತಳು. ಎರಡನೇ ಸಾಲಿನಲ್ಲಿ ಅತ್ತಿಗೆ ಕೂತಿದ್ದಳು. ಕಿವಿಯಕ್ಕ ಏನು ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಕೊನೆಗೆ ರೆಕಾರ್ಡಿಂಗ್ ಹಾಕಿದಳು. ಹನ್ನೊಂದು ಸಲವೂ ಸಭೆ ಸುಮ್ಮನೆ ಕೇಳಿತು. ಕೆರೆಯಣ್ಣ ತನ್ನ ಗೇಲಿಯ ಮಾತು ಬಂದಾಗ ತಲೆ ತಗ್ಗಿಸಿದ. ಅತ್ತಿಗೆ ಎದ್ದು, ಅವಳತ್ತ ನೋಡದೆ, ಬಾಗಿಲ ಕಡೆ ನಡೆದಳು.

ಮರುದಿನ ಆ ಮಾತುಕತೆಯೂ ಟೈಪಿಗೆ ಬಂತು. ಅವಳು ಪೆಡಲಿನ ಮೇಲೆ ಕಾಲಿಟ್ಟು ತನ್ನ ದನಿಯನ್ನೇ ಕೇಳಿದಳು. ಎಷ್ಟು ತೊದಲು, ಎಷ್ಟು ‘ಅದೂ... ಅಂದ್ರೆ...’! ಒಂದನ್ನೂ ಬಿಡದೆ ಬರೆದಳು. ಮೂಗು ಸೇದಿದ್ದನ್ನೂ ಬರೆದಳು. ನಡುವೆ ಒಂದು ಕಡೆ ಕಾಲು ನಿಂತಿತು. ಹಿಮ್ಮಡಿ ಒತ್ತಿ ಮತ್ತೆ ಕೇಳಿದಳು. “ಮೇಡಂ ಹೇಳಿದ ಗೊತ್ತಿಲ್ಲ ಅನ್ನೋ ಮಾತು, ಟೈಪ್ ಮಾಡುವಾಗ, ಹೇಗೋ ಬಿಟ್ಟುಹೋಯ್ತು,” ಎಂದಿದ್ದಳು ಅವಳು. ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುವ ಹೊತ್ತಿನಲ್ಲೂ ತನ್ನ ಮಾತಿಗೆ ತಾನೇ ಇಸ್ತ್ರಿ ಹಾಕಿಕೊಂಡಿದ್ದಳು.

ಆ ವಾಕ್ಯ ಅಳಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಅದನ್ನು ಇದ್ದ ಹಾಗೆಯೇ ಟೈಪ್ ಮಾಡಿದಳು. ಪ್ರತಿ ತೆಗೆದ ಮೇಲೆ ಅದರ ಕೆಳಗೆ ಪೆನ್ನಿನಿಂದ, ಶಾಲೆಯಲ್ಲಿ ಕಲಿತ ದುಂಡಕ್ಷರದಲ್ಲಿ ಬರೆದಳು: ‘ಬಿಟ್ಟುಹೋದದ್ದಲ್ಲ. ನಾನೇ ತೆಗೆದದ್ದು.’

ಸಂಪಾದಕರ ಮೇಜಿನ ಮೇಲೆ ಅದನ್ನಿಟ್ಟು, “ಇನ್ಮೇಲೆ ನನ್ನ ಪ್ರತಿಯನ್ನ ಇನ್ನೊಂದು ಸಲ ನೋಡಿ ಸಾರ್,” ಎಂದಳು. ಆಮೇಲೆ ಅದೇ ಸಾಲು ಬರೆದ ಇನ್ನೊಂದು ಪ್ರತಿಯನ್ನು ಚೀಲದಲ್ಲಿ ಹಾಕಿಕೊಂಡು ಅಣ್ಣನ ಬೀದಿಗೆ ಹೊರಟಳು. ಅತ್ತಿಗೆ ಬಾಗಿಲು ತೆಗೆಯುತ್ತಾಳೋ ಇಲ್ಲವೋ, ಅವಳಿಗೆ ಗೊತ್ತಿರಲಿಲ್ಲ.