ಎರಡು ಹಕ್ಕಿಗಳ ಚೀಟಿ

ಹೊಸಪೇಟೆಯ ಬಂಗಲೆಯಲ್ಲಿ ಆಗ ನನ್ನ ಕೆಲಸ, ಇಂಗ್ಲಿಷ್ ದೊರೆ ಹೊಡೆದ ಹಕ್ಕಿಗಳ ಚರ್ಮ ಸುಲಿದು, ಹತ್ತಿ ತುಂಬಿ, ಸಿಕ್ಕ ಜಾಗದ ಹೆಸರಿನ ಚೀಟಿಯನ್ನು ಕಾಲಿಗೆ ಕಟ್ಟುವುದು. ಅವನ ಮುಖ ನೆನೆದರೆ ಈಗಲೂ ಮೈ ಉರಿಯುತ್ತದೆ.

ಬುಕ್ಕಸಾಗರದಲ್ಲಿ ನಮ್ಮಪ್ಪ ಹರಿಗೋಲು ಹಾಕುತ್ತಿದ್ದ. ಹೊಳೆಯ ನಡುಗಡ್ಡೆಯ ಮರಳಿನಲ್ಲಿ ಪ್ರತಿ ಬೇಸಿಗೆ ಕಂದು ಎದೆಯ ಒಂದೇ ಜೋಡಿ ಹಕ್ಕಿ ಮೊಟ್ಟೆ ಇಡುತ್ತಿತ್ತು. ಅಂಥದ್ದನ್ನು ನಾವು ಬೇರೆಲ್ಲೂ ಕಂಡಿರಲಿಲ್ಲ. ಮರಿ ಹಾರುವ ತನಕ ಅಪ್ಪ ಅಲ್ಲಿ ಯಾರನ್ನೂ ಇಳಿಸುತ್ತಿರಲಿಲ್ಲ. ಅವನಪ್ಪನೂ ಹಾಗೇ ಇದ್ದನಂತೆ. ನನ್ನ ಬಾಯಿಂದಲೇ ಇದನ್ನು ಕೇಳಿದ ದೊರೆ, "ಬರೀ ನೋಡುತ್ತೇನೆ" ಎಂದು ಮಾತು ಕೊಟ್ಟ. ದಡ್ಡ ನಾನು, ನಂಬಿದೆ. ಅಪ್ಪ ಕಂಪ್ಲಿಗೆ ಹೋಗಿದ್ದ ದಿನ ನಾನೇ ಹುಟ್ಟು ಹಾಕಿ ಅವನನ್ನು ದಾಟಿಸಿದೆ. ಇಳಿದವನೇ ಎರಡೂ ಹಕ್ಕಿಗಳನ್ನು ಹೊಡೆದು, ಮೊಟ್ಟೆಗಳನ್ನು ಟೊಪ್ಪಿಗೆಯಲ್ಲಿ ತುಂಬಿಕೊಂಡ.

"ಇನ್ನ ನನ್ನ ಹರಿಗೋಲಿಗೆ ಕಾಲಿಡಬ್ಯಾಡ" ಅಂದ ಅಪ್ಪ, ಕಂಪ್ಲಿಯಿಂದ ಬಂದು ಸುದ್ದಿ ತಿಳಿದ ಮೇಲೆ. ಆಮೇಲೆ ನನ್ನೊಡನೆ ಮಾತೇ ಬಿಟ್ಟ.

ದೊರೆಯ ಬಳಿ ಇನ್ನೊಂದು ಒಣಹಕ್ಕಿಯಿತ್ತು. ದೂರದ ಸಮುದ್ರದ ದ್ವೀಪವೊಂದರಿಂದ ಅವನ ಮುತ್ತಜ್ಜ ತಂದದ್ದು. ಹಡಗಿನ ಇಲಿಗಳು ಅಲ್ಲಿ ಇಳಿದ ಮೇಲೆ ಆ ಹಕ್ಕಿಯ ಕುಲವೇ ಅಳಿಯಿತಂತೆ. ಅದನ್ನೂ ನಮ್ಮ ಜೋಡಿಯಲ್ಲೊಂದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿ ವಾರಗಟ್ಟಲೆ ಅಳೆದ. ದ್ವೀಪದ್ದರ ರೆಕ್ಕೆ ಗಿಡ್ಡ, ಕೊಕ್ಕು ನೇರ. ನಮ್ಮದರ ರೆಕ್ಕೆ ಉದ್ದ, ಕೊಕ್ಕಿನ ತುದಿ ತುಸು ಬಾಗಿತ್ತು. ಎದೆಯ ಬಣ್ಣ ಮಾತ್ರ ಒಂದೇ. ಇದನ್ನೆಲ್ಲ ಬರೆದು ಲಂಡನ್ನಿನ ಪಂಡಿತರಿಗೆ ಕಳಿಸಿ ಹೆಸರು ಮಾಡುವ ಆಸೆ ಅವನದು. ಇಲಿಗಳೋ ಹೊಟ್ಟೆಪಾಡಿಗೆ ತಿಂದವು, ಇವನಿಗೇನು ಧಾಡಿ?

ಬರಹದ ಜೊತೆ ಆ ಎರಡು ಹಕ್ಕಿಗಳನ್ನೂ ಲಂಡನ್ನಿಗೆ ಕಳಿಸುವ ಪೆಟ್ಟಿಗೆ ಕಟ್ಟುವವನು ನಾನು. ಎರಡರ ಕಾಲಿನ ಚೀಟಿಗಳನ್ನೂ ಬಿಚ್ಚಿ ಅದಲುಬದಲು ಮಾಡಿ ಕಟ್ಟಿದೆ. ಮುಚ್ಚಳಕ್ಕೆ ಮೊಳೆ ಹೊಡೆದೆ.

ತಿಂಗಳುಗಳ ನಂತರ ಉತ್ತರ ಬಂತು. ಬರಹದಲ್ಲಿ ಒಂದಿದೆ, ಚೀಟಿಯಲ್ಲಿ ಇನ್ನೊಂದಿದೆ, ಯಾವ ಹಕ್ಕಿ ಎಲ್ಲಿಯದೆಂದೇ ತಿಳಿಯದವನ ಬರಹ ಅಚ್ಚಿಗೆ ಯೋಗ್ಯವಲ್ಲ ಎಂದಿತ್ತು. ದೊರೆಯ ಮುಖ ಕೆಂಪಾಯಿತು.

"ಚೀಟಿ ನೀನು ಬದಲಿಸಿದೆಯಾ?"

"ಹೌದ್ರಿ, ನಾನಽ. ಮಾತಿಗೆ ತಪ್ಪಿದೋರು ನೀವು."

ಕಪಾಳಕ್ಕೆ ಹೊಡೆದು ಕೆಲಸದಿಂದ ಓಡಿಸಿದ. ಬುಕ್ಕಸಾಗರದ ದಾರಿಯುದ್ದಕ್ಕೂ ನನಗೆ ನಗು ತಡೆಯಲಾಗಲಿಲ್ಲ. ಅಷ್ಟು ಹಿಗ್ಗು ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಹೊಳೆಯ ದಡದಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಇನ್ನಾದರೂ ಹರಿಗೋಲಿಗೆ ಹತ್ತಿಸಿಕೊಳ್ಳುತ್ತಾನೆಂದು ಒಂದು ಕಾಲು ನೀರಿಗಿಟ್ಟೇ ನಿಂತಿದ್ದೆ. ಅಪ್ಪ ಕೊನೆಯವರೆಗೂ ಕೇಳಿಸಿಕೊಂಡ.

"ಎರಡೂ ಸತ್ತಾವಲ್ಲಲೇ," ಅಂದ. "ಯಾವ ಚೀಟಿ ಯಾವುದಕ್ಕ ಕಟ್ಟಿದ್ರೇನು?"

ಹರಿಗೋಲನ್ನು ತಳ್ಳಿಕೊಂಡು ಒಬ್ಬನೇ ಹೊರಟ.